ಎಲ್ಲ ಗೊತ್ತು, ಶುರುನೇ ಆಗಲ್ಲ

ಮಾರ್ಚ್ 4

ಮತ್ತೆ ಅದೇ ಮಿದುಳು ಪರೀಕ್ಷೆ, ಅದೇ ಕಾರ್ಡು, ಅದೇ ಸ್ಟಾಪ್‌ವಾಚ್. ಇವತ್ತು ಕಾನ್ಶಾಯಿಮ್ — ಬಿಷ್ಕೆಕ್‌ನಲ್ಲಿ ಮದುವೆ ಅಡುಗೆಗೆ ಹೆಸರಾದವಳು. ಚಳಿಗಾಲಕ್ಕೆ ಮುಂಚೆ ಮಿದುಳಿನ ಮುಂಭಾಗದಿಂದ ಗಡ್ಡೆ ತೆಗೆದಿದ್ದಾರೆ. ನೆನಪು, ಗಮನ, ಯೋಜನೆ... ಎಲ್ಲದರಲ್ಲೂ ಫುಲ್ ಮಾರ್ಕ್ಸ್. ನನಗಿಂತ ಚುರುಕು.

ಹೊರಗೆ ಗಂಡ ಮೆದೆರ್‌ಬೆಕ್. "ನೋಡಿದ್ರಾ ಡಾಕ್ಟ್ರೇ? ಏನೂ ಆಗಿಲ್ಲ, ಬರೀ ನಾಟಕ. ಮನೇಲಿ ಒಂದು ಬಟ್ಟಲು ತೊಳ್ಯಲ್ಲ. ಚೆನ್ನಾಗಿದಾಳೆ ಅಂತ ಬರ್ಕೊಡಿ. ನಾರಿನ್‌ಗೆ, ಅವಳಣ್ಣನ ಮನೆಗೆ ಬಿಟ್ಟು ಬರ್ತೀನಿ."

ಬರೆದುಕೊಡಲಿಲ್ಲ. ಯಾಕೋ ಗೊತ್ತಿಲ್ಲ.

ಮಾರ್ಚ್ 5

ನನ್ನ ಗೈಡ್ ಪ್ರೊಫೆಸರ್ ನಸೀಪಾಗೆ ಹೇಳಿದೆ. "ಮಾರ್ಕ್ಸ್ ಬಂತಲ್ಲ, ಮತ್ತೇನು ತಲೆನೋವು? ಈ ಪರೀಕ್ಷೆಗಳನ್ನ ನಂಬಬಹುದು ಅಂತ ತಾನೇ ನಿನ್ನ ಥೀಸಿಸ್? ಮೇ ತಿಂಗಳಲ್ಲಿ ವೈವಾ. ಸುಮ್ನಿರು ಹುಡುಗಿ."

ಹುಡುಗಿಯಂತೆ! ನಲವತ್ತು ದಾಟಿತು.

ಮಾರ್ಚ್ 9

ಕಾನ್ಶಾಯಿಮ್‌ಳನ್ನು ಮತ್ತೆ ಕರೆಸಿದೆ. ಐನೂರು ಜನಕ್ಕೆ ಅಡುಗೆ ಹೇಗೆ ಅಂದೆ. ಕುರಿ ಕಡಿಯುವುದರಿಂದ ಕಡೇ ಚಹಾದವರೆಗೆ ಪಟಪಟ ಹೇಳಿದಳು.

"ಮತ್ತೆ ಮನೇಲಿ ಯಾಕಕ್ಕ ಮಾಡಲ್ಲ?"

ಕೈ ನೋಡಿಕೊಂಡಳು. "ಎಲ್ಲ ಗೊತ್ತು ಕಣೆ. ಶುರುನೇ ಆಗಲ್ಲ."

ಇಲ್ಲಿ ಮಾತ್ರ ಆಗುತ್ತೆ. ಯಾಕೆಂದರೆ ಇಲ್ಲಿ "ಈಗ ಶುರು ಮಾಡಿ", "ಈಗ ಮುಂದಿನದು" ಅನ್ನೋಳು ನಾನು. ಅವಳಲ್ಲಿ ಕೆಟ್ಟಿರುವ ಭಾಗದ ಕೆಲಸ ನಾನೇ ಮಾಡಿ, ನಾನೇ ಮಾರ್ಕ್ಸ್ ಕೊಡ್ತಿದ್ದೀನಾ?

ಕೂತಲ್ಲಿ ಕೂರಲಾಗ್ತಿಲ್ಲ.

ಮಾರ್ಚ್ 12

ಅವರ ಮನೆಗೇ ಹೋದೆ. "ಮೂವರಿಗೆ ಪಲಾವ್ ಮಾಡಿ" ಅಂದು ಮೂಲೆ ಹಿಡಿದೆ. ಗಂಡನಿಗೆ ತುಟಿ ಬಿಚ್ಚಬೇಡಿ ಅಂದಿದ್ದೆ.

ಒಲೆ ಹಚ್ಚಿದಳು. ಎಣ್ಣೆ ಇಟ್ಟಳು. ಕ್ಯಾರೆಟ್ ಹೆಚ್ಚತೊಡಗಿದಳು — ಕಡ್ಡಿ ಕಡ್ಡಿಯಾಗಿ, ಎಷ್ಟು ಚೆಂದ. ಹೆಚ್ಚಿದಳು, ಹೆಚ್ಚಿದಳು... ಬೋಗುಣಿ ತುಂಬಿ ಮೇಜಿನ ಮೇಲೆಲ್ಲ ಚೆಲ್ಲಿತು. ಎಣ್ಣೆ ಹೊಗೆಯಾಡಿತು. "ಎಣ್ಣೆ ಸುಡ್ತಿದೆ," ಅಂದಳು ಅವಳೇ. ಚಾಕು ಮಾತ್ರ ನಿಲ್ಲಲಿಲ್ಲ.

ಎದ್ದು ಒಲೆ ಆರಿಸಿದೆ. ಅವಳು ಮೇಜು ನೋಡಿದಳು. "ಇಷ್ಟೊಂದು ಯಾರಿಗೆ?"

ಮೆದೆರ್‌ಬೆಕ್ ಅಂಗಳಕ್ಕೆ ಹೋದ. ಬಂದಾಗ ಮುಖ ತೊಳೆದಿದ್ದ. ಅವಳ ಕೈಯಿಂದ ಚಾಕು ತೆಗೆದುಕೊಂಡು, ಮೆಲ್ಲಗೆ — "ಮುಂದೇನು, ಹೇಳು."

"ಹೊಸ ಎಣ್ಣೆ ಇಡು. ಮಾಂಸ ಹಾಕು."

"ಮುಂದೇನು?"

"ಈರುಳ್ಳಿ. ಅಯ್ಯೋ, ಅಷ್ಟು ದಪ್ಪ ಅಲ್ಲ, ಕತ್ತೆ!"

ಪಲಾವ್ ಆಯಿತು. ಬರೀ ಕ್ಯಾರೆಟ್ಟು.

ಮಾರ್ಚ್ 13

ನಸೀಪಾ: "ಒಂದು ಪಲಾವ್‌ಗೋಸ್ಕರ ಇಡೀ ಥೀಸಿಸ್ ಕೆಡಿಸ್ತೀಯಾ? ಅವಳ ಕೇಸನ್ನ ಅದ್ರಿಂದ ತೆಗೆದ್ಬಿಡು."

ಮಾರ್ಚ್ 20

ವೈದ್ಯಕೀಯ ಮಂಡಳಿ ಮುಂದೆ ಕಾನ್ಶಾಯಿಮ್‌ಳ ಕೇಸು. 'ಕೆಲಸಕ್ಕೆ ಅಸಮರ್ಥಳು' ಅಂತ ಬರೆದಿದ್ದೆ. ಮಾರ್ಕ್ಸ್ ನೋಡಿ ನಕ್ಕರು. ಆಗ ಮೆದೆರ್‌ಬೆಕ್ ಎದ್ದು ನಿಂತ. "ನಾಟಕ ಅಂತ ಬೈದೋನು ನಾನೇ ಸ್ವಾಮಿ. ಕಣ್ಣಾರೆ ನೋಡಿದೀನಿ. ನಾರಿನ್‌ಗೆ ಕಳ್ಸಲ್ಲ. ಪಕ್ಕದಲ್ಲಿ ಒಬ್ರು ಇರ್ಬೇಕು, ಅಷ್ಟೇ." ಸಹಿ ಬಿತ್ತು.

ಥೀಸಿಸ್‌ನಲ್ಲಿ ಅವಳು ಇರುತ್ತಾಳೆ. ವೈವಾ ಮುಂದಕ್ಕೆ. ನಸೀಪಾ ಮಾತಾಡುತ್ತಿಲ್ಲ.

ಏಪ್ರಿಲ್ 3, ಮಧ್ಯಾಹ್ನ

ಫುಲ್ ಮಾರ್ಕ್ಸ್ ಬಂದವರ ಮನೆಗಳಿಗೆಲ್ಲ ಹೋಗಬೇಕು. ಮೊದಲು ಬಸ್ ಡ್ರೈವರ್ ಝಾನಿಶ್. ಅಪಘಾತದಲ್ಲಿ ಹಣೆಗೆ ಪೆಟ್ಟಾಗಿತ್ತು. ಹೆಂಡತಿ ಬಾಗಿಲು ತೆಗೆದಳು.

"ಡ್ಯೂಟಿಗೆ ಹೋಗಿದಾರೆ. ಫಿಟ್ ಅಂತ ನೀವೇ ಬರ್ದಿದ್ರಲ್ಲ?"

"ಮನೇಲಿ ಹೇಗಿದಾರೆ?"

ನಕ್ಕಳು. "ನಲ್ಲಿ ತಿರುಗಿಸಿದ್ರೆ ಮುಗೀತು, ನಿಲ್ಸೋದೇ ಇಲ್ಲ. ನೀರು ಹರೀತಿದೆ ಅಂತ ಅವ್ರೇ ಹೇಳ್ತಾರೆ, ನೋಡ್ತಾ ನಿಂತಿರ್ತಾರೆ. ಬಸ್ಸಲ್ಲಿ ಹಾಗೇನೂ ಆಗಲ್ಲ, ಅಲ್ವಾ ಡಾಕ್ಟ್ರೇ?"

ಡಿಪೋದವರು ಫೋನ್ ಎತ್ತುತ್ತಿಲ್ಲ. ಸ್ಟಾಪಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ಅವನ ರೂಟಿನ ಬಸ್ಸು ಇನ್ನೂ ಬಂದಿಲ್ಲ. ಶಾಲೆ ಬಿಟ್ಟ ಮಕ್ಕಳು ಸುತ್ತಲೂ. ಅಗೋ, ತಿರುವಿನಲ್ಲಿ ಒಂದು — ಅವನೇ. ರಸ್ತೆಗೆ ಇಳಿದು ಕೈ ಅಡ್ಡ ಹಿಡಿಯಬೇಕು, ವೇಗ ಇಳೀತಾನೇ ಇಲ್ಲ —