ಖಸಬ್ ಬೇಡವೆಂದ ದಿನ

10 ಮಾರ್ಚ್ 1988, ಗುರುವಾರ. ಅಲ್ ಗುಬ್ರಾ.

ಖಸಬ್‌ಗೆ ಬರುವುದಿಲ್ಲ ಎಂದು ಇವತ್ತು ಹೇಳಿಬಿಟ್ಟೆ. ಆದರೂ ನಿದ್ದೆ ಇಲ್ಲ.

ಉತ್ತರದ ತುದಿಯ ಆ ಊರಿನಲ್ಲಿ ನಮ್ಮ ಬಹಾಯಿ ಧರ್ಮದವರು ಒಬ್ಬರೂ ಇಲ್ಲವಂತೆ. ಕೇಳಿಕೊಂಡರೆ ಕಂಪನಿ ಅಲ್ಲಿಗೆ ವರ್ಗ ಮಾಡುತ್ತದೆ, ನಾವೇ ಮೊದಲಿಗರಾಗೋಣ ಎಂದು ಇವರಿಗೆ ಆಸೆ. ಈ ಅರಬ್ ದೇಶದಲ್ಲಿ ನಮ್ಮ ಧರ್ಮದ ಉಪದೇಶ ಮಾಡುವಂತಿಲ್ಲ. ಹೋಗಿ ಬದುಕುವುದು, ಅಷ್ಟೇ. ಪಕ್ಕದ ಫ್ಲ್ಯಾಟಿನ ಕ್ಲೆಮೆಂಟಿನಾ ಬಾಯಿ ನಗುತ್ತಾರೆ: “ಪಾದ್ರಿ ಇಲ್ಲದ ಧರ್ಮ ನಿಮ್ಮದು. ಅಲ್ಲಿ ಆಡುಗಳಿಗೆ ಪ್ರಸಂಗ ಮಾಡ್ಲಿಕ್ಕುಂಟಾ ನಿನ್ನ ಗಂಡನಿಗೆ?”

ನನಗೆ ಆಡುಗಳ ಚಿಂತೆಯಲ್ಲ. ಮಗುವಿನ ಎದೆ ಗೊರಗೊರ ಎನ್ನುತ್ತದೆ. ಅವಳನ್ನು ನೋಡುವ ಡಾಕ್ಟರು ಇರುವುದು ಇಲ್ಲಿ.

ಇದು ನಮ್ಮ ಬಹಾಯಿಗಳ ಉಪವಾಸದ ತಿಂಗಳು, ಹಾಲೂಡಿಸುವ ನನಗೆ ಉಪವಾಸವಿಲ್ಲ. ಸೂರ್ಯ ಮುಳುಗಿ, ಇವರು ಖರ್ಜೂರ ಬಾಯಿಗಿಟ್ಟ ಮೇಲೆ ಮಾತಿಗೆ ಕೂತೆವು. ನಮ್ಮಲ್ಲಿ ಸಮಾಲೋಚನೆ ಎಂದರೆ ಇಬ್ಬರೂ ಮನಸ್ಸು ಬಿಚ್ಚಬೇಕು. ತೀರ್ಮಾನವಾದ ಮೇಲೆ ಅದು ಇಬ್ಬರದೂ.

“ಮೊದಲು ನೀನು ಹೇಳು ವಿನೋದಾ,” ಎಂದರು.

“ರಾತ್ರಿ ಇವಳಿಗೆ ಉಸಿರು ಕಟ್ಟಿದ್ರೆ ಅಲ್ಲಿ ಯಾರುಂಟು? ನಂಗೆ ಧೈರ್ಯ ಇಲ್ಲ ಮಾರಾಯ್ರೆ.”

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. “ಸರಿ, ಹಾಗಾದ್ರೆ ಖಲಾಸ್,” ಎಂದು ಇನ್ನೊಂದು ಖರ್ಜೂರ ತಿಂದರು.

ಆಮೇಲೆ ಮತ್ರಾದ ಬಹಾಯಿ ಗೆಳೆಯರಿಗೆ ಫೋನ್ ಮಾಡಿದರು. ಹೆಂಡತಿ ಒಪ್ಪಲಿಲ್ಲ ಎನ್ನುತ್ತಾರೆಂದು ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೆ.

“ನಮಗೆ ಧೈರ್ಯ ಸಾಲಲಿಲ್ಲ,” ಎಂದರು.

ಇವರ ಧೈರ್ಯಕ್ಕೆ ಏನೂ ಕೊರತೆ ಇರಲಿಲ್ಲ. ಬೆಳಕು ಹರಿಯುವ ಮೊದಲು ಇವರ ಊಟಕ್ಕೆ ಏಳಬೇಕು. ಮಲಗಲು ನೋಡುತ್ತೇನೆ.