ಖಾಲಿ ಬಿಡಬೇಕಾಗಿದ್ದ ಖಾನೆ

ರಾಣೆಬೆನ್ನೂರು
ಫೆಬ್ರವರಿ ೩೦, ೨೧೭೧

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ನಿಮಗೆ, ನೀವು ಹೆಸರೇ ಕೇಳಿರದ ನೀಲಗಂಗಾ ಮಾಡುವ ನಮಸ್ಕಾರ.

ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಚುನಾವಣೆಯ ತಕರಾರು ತಿಂಗಳೊಳಗೆ ಮುಗಿಯಲಿ ಎಂದು ಹೋದ ವರ್ಷ ನಮ್ಮವರು ಫೆಬ್ರವರಿಗೆ ಎರಡು ದಿನ ಸೇರಿಸಿದರು. ತಕರಾರು ಆ ತಿಂಗಳು ಮುಗಿಯಲಿಲ್ಲ, ದಿನಗಳು ಹಾಗೇ ಉಳಿದುಕೊಂಡವು. ಒಳಚುನಾವಣೆ ಎಂದರೆ ಪಕ್ಷದ ಟಿಕೆಟ್ ಯಾರಿಗೆ ಎಂದು ಸದಸ್ಯರೇ ಮತ ಹಾಕಿ ತೀರ್ಮಾನಿಸುವುದು. ನನ್ನ ಮಾತುಗಳು ವಿಚಿತ್ರ ಎನಿಸಿದರೆ ಕ್ಷಮಿಸಿ. ಬರೆಯುವ ನನಗೇ ಹೇಸಿಗೆಯಾಗುತ್ತಿದೆ.

ನಮ್ಮಲ್ಲಿ ಫೋನುಗಳು ಎರಡೇ ಬಗೆ. ಒತ್ತುಫೋನಿಗೆ ಗಟ್ಟಿ ಬಟನ್ನುಗಳು. ಸವರುಫೋನು ಬರೀ ನುಣ್ಣನೆಯ ಗಾಜು. ನನ್ನ ಅಕ್ಕ ಪಾರವ್ವನಿಗೆ ಸವರುಫೋನೇ ಬೇಕು, ರೊಟ್ಟಿ ತಟ್ಟುವ ಕೈಯಿಂದ ಮುಟ್ಟಿದರೂ ಹಿಟ್ಟು ಒರೆಸಿದರೆ ಹೋಗುತ್ತದೆ. ನನಗೆ ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು. ನಮ್ಮ ಮನೆಗಳು ಎದುರುಬದುರು. ಅವಳ ರೊಟ್ಟಿ ನನ್ನ ಮನೆಗೆ, ನನ್ನ ಪಲ್ಯ ಅವಳ ಮನೆಗೆ ಹೋಗುತ್ತಿತ್ತು. ಯಾರ ಕೈಯಲ್ಲಿ ಯಾವ ಫೋನಿದೆ ಎಂದು ಯಾರೂ ನೋಡುತ್ತಿರಲಿಲ್ಲ.

ನೋಡುವಂತೆ ಮಾಡಿದವಳು ನಾನು. ಪಕ್ಷದ ವಾರ್ಡ್ ಕಚೇರಿಯಲ್ಲಿ ಸದಸ್ಯರ ಪಟ್ಟಿ ಬರೆಯುವ ಕೆಲಸ ನನ್ನದು. ಪಟ್ಟಿಯ ಕೊನೆಗೆ ಒಂದು ಖಾನೆ ಖಾಲಿ ಇತ್ತು. ಖಾಲಿ ಖಾನೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮನೆಮನೆಗೆ ಹೋಗಿ, ಯಾವ ಫೋನ್ ಎಂದು ಕೇಳಿ ತುಂಬಿಸಿದೆ. ಟಿಕೆಟ್ಟಿಗೆ ನಿಂತಿದ್ದ ಬಸವಂತಪ್ಪ, ಚಂಪಕ್ಕ ಇಬ್ಬರೂ ಆ ಪಟ್ಟಿ ಹಿಡಿದು ಓಣಿಯನ್ನೇ ಸೀಳಿದರು. ಒತ್ತುವವರೆಲ್ಲ ತನ್ನವರು, ಸವರುವವರಿಗೆ ಬೆನ್ನೆಲುಬಿಲ್ಲ ಎಂದು ಅವನು. ಸವರುವವರೆಲ್ಲ ತನ್ನವರು, ಒತ್ತುವವರು ತುಕ್ಕು ಹಿಡಿದ ತಲೆಗಳು ಎಂದು ಅವಳು. ಒಂದೇ ಪಕ್ಷ, ಒಂದೇ ಬಾವುಟ! ಮದುವೆಯೂಟದಲ್ಲೂ ಎರಡು ಪಂಕ್ತಿಯಾಯಿತು. ಆಚೆ ಬಣದ ಕರೆ ಬಂದರೆ ಫೋನು ಬೂದಿ ಬಣ್ಣಕ್ಕೆ ತಿರುಗುವ ಏರ್ಪಾಡನ್ನೂ ಮಾಡಿದರು, ಎತ್ತಿದವರು ದ್ರೋಹಿಗಳು. ಥೂ, ನಾವೂ ಒಪ್ಪಿಕೊಂಡೆವಲ್ಲ! ಪಾರವ್ವ ನನ್ನ ಬಾಗಿಲಿಗೆ ಬಂದು, “ಫೋನ್ ಬ್ಯಾರೆ ಆದ್ರ ಅಕ್ಕ ಬ್ಯಾರೆ ಆಕ್ಕಾಳೇನ, ಗಂಗೂ?” ಎಂದಳು. ನಾನು ಬಾಗಿಲು ಹಾಕಿಕೊಂಡೆ. ಮರುದಿನವೂ ರೊಟ್ಟಿ ಕಳಿಸಿದ್ದಳು. ಸುತ್ತಿದ್ದ ಬಟ್ಟೆಯನ್ನೂ ಬಿಚ್ಚದೆ ವಾಪಸ್ ಕಳಿಸಿದೆ.

ಎಣಿಕೆಯ ದಿನ ಮಧ್ಯಾಹ್ನ, ಕಚೇರಿಯಲ್ಲಿ ನಮ್ಮ ಬಣದವರೆಲ್ಲ ಕೂತಿದ್ದಾಗ, ನನ್ನ ಫೋನು ಬೂದಿ ಬಣ್ಣಕ್ಕೆ ತಿರುಗಿತು. ಅಕ್ಕನ ಕರೆ. ಎಲ್ಲರ ಕಣ್ಣೂ ನನ್ನ ಮೇಲೆ. ಫೋನನ್ನು ಮಗುಚಿ ಇಟ್ಟೆ. ಮತ್ತೆರಡು ಸಲ ಬಂತು, ಎರಡು ಸಲವೂ ಮುಟ್ಟಲಿಲ್ಲ. “ಭೇಷ್ ತಂಗಿ, ಹಿಂಗ ಇರಬೇಕು” ಎಂದ ಬಸವಂತಪ್ಪ. ಸಂಜೆ ಬಂದು ನೋಡಿದರೆ ಅವಳ ಮನೆ ಮುಂದೆ ಜನ. ಎದೆ ಹಿಡಿದುಕೊಂಡು ಒಲೆಯ ಹತ್ತಿರ ಬಿದ್ದಿದ್ದಳಂತೆ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಕಚೇರಿಯಿಂದ ಅಲ್ಲಿಗೆ ನೂರು ಹೆಜ್ಜೆ.

ಅಕ್ಕನನ್ನು ಮಣ್ಣು ಮಾಡುವ ಹೊತ್ತಿಗೆ ಬಸವಂತಪ್ಪ, ಚಂಪಕ್ಕ ಒಂದೇ ಕಾರಿನಲ್ಲಿ ಬಂದಿಳಿದರು. ರಾಜಿಯಾಗಿತ್ತು: ಅವನಿಗೆ ಟಿಕೆಟ್, ಅವಳಿಗೆ ಯಾವುದೋ ನಿಗಮದ ಅಧ್ಯಕ್ಷಗಿರಿ. ಇಬ್ಬರೂ ಕೂಡಿ ಒಂದೇ ಹಾರ ಹಾಕಿದರು. ನನಗೆ ಹೇಸಿಗೆಯಾಯಿತು, ಅವರನ್ನು ಕಂಡು ಅರ್ಧ, ನನ್ನನ್ನು ನೆನೆದು ಅರ್ಧ.

ಸವರುಫೋನಿನಲ್ಲಿ ಆಪತ್ತಿಗೆಂದು ಒಂದೇ ಒಂದು ಹೆಸರು ಇಡಬಹುದು. ಭಾವ ತಂದುಕೊಟ್ಟ ಅವಳ ಫೋನಿನಲ್ಲಿ ಅದು ಗಂಡನದಲ್ಲ, ಮಗನದಲ್ಲ, “ಗಂಗೂ” ಎಂದಿತ್ತು. ಇಷ್ಟೆಲ್ಲ ಆದ ಮೇಲೂ ಅವಳು ಬದಲಿಸಿರಲಿಲ್ಲ.

ಅಜ್ಜೀ, ಯಾರಾದರೂ ಪಟ್ಟಿ ಹಿಡಿದು ಬಂದು ಯಾವ ಫೋನ್ ಎಂದು ಕೇಳಿದರೆ ಹೇಳಬೇಡಿ. ಪಟ್ಟಿ ನಿಮ್ಮ ಕೈಯಲ್ಲೇ ಇದ್ದರೆ ಆ ಖಾನೆ ಖಾಲಿ ಬಿಡಿ. ಅಕ್ಕನ ಫೋನು ಈಗ ನನ್ನ ಹತ್ತಿರವೇ ಇದೆ. ದಿನಾ ಮಧ್ಯಾಹ್ನ ಅದರಲ್ಲಿ ನನ್ನ ಹೆಸರು ಮುಟ್ಟುತ್ತೇನೆ. ನನ್ನ ಫೋನು ಬೂದಿ ಬಣ್ಣಕ್ಕೆ ತಿರುಗಿ ರಿಂಗಾಗುತ್ತದೆ. ಮೊದಲ ರಿಂಗಿಗೇ ಎತ್ತುತ್ತೇನೆ.

ನಿಮ್ಮ
ನೀಲಗಂಗಾ