ಹತ್ತು ಡಿಗ್ರಿ ಹೆಚ್ಚು ತೋರಿಸಿದ ಥರ್ಮಾಮೀಟರು

ಕೊಟ್ರಕ್ಕ,

ಬಾಣಂತಿ ಕೋಣೆಯ ಕಿಟಕಿ ಮುಚ್ಚಿದ್ದೇನೆ, ತೆಗೆಯಬೇಡ. ಬಾಣಂತಿ ವೀರಬಸಮ್ಮ ಮಲಗಿದ್ದಾಳೆ, ಎಬ್ಬಿಸಬೇಡ. ಅಗ್ಗಿಷ್ಟಿಕೆಗೆ ಹೊಗೆಯಾಡದ ಕೆಂಡ ಹಾಕಿ ಮೂಲೆಯಲ್ಲಿಡು, ಬಾಗಿಲು ಓರೆ ಇರಲಿ.

ಆ ಕೋಣೆಯಲ್ಲಿ ತೂಗುಹಾಕಿದ ನನ್ನ ಥರ್ಮಾಮೀಟರು ಮೂರು ದಿನದಿಂದ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿ ತೋರಿಸುತ್ತಿತ್ತಲ್ಲ, ಕಿಟಕಿ ತೆಗೆದಿದ್ದರೂ ಅಷ್ಟು ಸೆಕೆ ಹೇಗೆ ಎಂದು ನನಗೆ ಗುಮಾನಿ. ನಾನು ಬೇಡವೆಂದರೂ ಸೂಲಗಿತ್ತಿ ಉರುಕುಂದಮ್ಮ ಕದ್ದು ಕೆಂಡ ತಂದಿಡುತ್ತಾಳೆ ಎಂದುಕೊಂಡೆ. ನೀನೂ ಆಕೆಯ ಜೊತೆ ಸೇರಿದ್ದೀಯೆಂದು ಶಂಕಿಸಿ ನಿನ್ನೆ ಒಲೆಯ ಬೂದಿ ಕೆದರಿ ನೋಡಿದೆ. "ಕೂಸಿನ ಅಂಗಾಲು ತಣ್ಣಗ ಅದಾವ್ರಿ ಅಪ್ಪಾರ, ನಿಮ್ಮ ಗಾಜಿನ ಕಡ್ಡಿ ಸುಳ್ಳು ಹೇಳಾಕತ್ತೈತಿ" ಎಂದಳು ಉರುಕುಂದಮ್ಮ. "ನೀನೇ ಸುಳ್ಳಿ" ಎಂದು ಆಕೆಯನ್ನು ಬೈದು ಕಳಿಸಿಬಿಟ್ಟೆ.

ಆದರೂ ಆ ಮಾತು ಕೊರೆಯುತ್ತಲೇ ಇತ್ತು. ಇವತ್ತು ಸ್ಟೇಷನ್ನಿನ ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು ಥರ್ಮಾಮೀಟರನ್ನು ಅದರೊಳಗಿಟ್ಟೆ. ಮೂವತ್ತೆರಡಕ್ಕೆ ನಿಲ್ಲಬೇಕಾದ ಪಾದರಸ ನಲವತ್ತೆರಡಕ್ಕೆ ನಿಂತಿತು. ಅಂಕಿ ಬರೆದ ಹಲಗೆಗೆ ಗಾಜಿನ ನಳಿಗೆಯನ್ನು ಬಿಗಿದ ತಂತಿ ಸಡಿಲಾಗಿ, ನಳಿಗೆ ಮೇಲಕ್ಕೆ ಸರಿದಿದೆ. ಯಾರೂ ಕೆಂಡ ತಂದಿರಲಿಲ್ಲ. ಎಂಟೇ ತಿಂಗಳಿಗೆ ಹುಟ್ಟಿದ ಕೂಸನ್ನು ಮಾರ್ಗಶಿರದ ಗಾಳಿಗೆ ಒಡ್ಡಿದವನು ನಾನೇ.

ತಂತಿ ಬಿಗಿಸುವವರೆಗೆ ಅದು ತೋರಿಸಿದ್ದರಲ್ಲಿ ಹತ್ತು ಕಳೆದು ಓದು. ಕೂಸನ್ನು ಮಡಿಲಿನಿಂದ ಇಳಿಸಬೇಡ.

ನಾನು ಉರುಕುಂದಮ್ಮನ ಮನೆಗೆ ಹೊರಟೆ. ಆಕೆ ಬಾಗಿಲು ತೆಗೆಯದಿದ್ದರೆ ತೆಗೆಯುವವರೆಗೂ ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತೇನೆ. ಊಟಕ್ಕೆ ಕಾಯಬೇಡ.

ಚಂದ್ರಣ್ಣ